ಅಪ್ಪ ಹಲ್ಲು ಬಿಳಿ ಮಾಡಿಸಿಕೊಂಡ ವರದಿ

ಗುರುವಾರ, ಮಾರ್ಚ್ ೧೪

ಮೌನವ್ರತ ಸಾಮ್ರಾಜ್ಞಿಯೂ, ತಮ್ಮನ ಕಿವಿ ಹಿಂಡುವ ವಂಶಪಾರಂಪರ್ಯ ಹಕ್ಕುಳ್ಳವರೂ ಆದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ; ಅಪ್ಪನ ಹಲ್ಲು ಮಾತ್ರ ಈಗೀಗ ಆ ಸ್ಥಿತಿಗೆ ಬರುತ್ತಿದೆ. ಅದಕ್ಕೇ ಪತ್ರ ತಡವಾಯಿತು, ಕ್ಷಮಿಸಬೇಕು.

ನೀನು ಅಪ್ಪನ ಜೊತೆ ಮಾತು ಬಿಟ್ಟು ಎಂಟು ತಿಂಗಳಾಯಿತು. ನಿನ್ನ ಮದುವೆಯ ಒಂದು ಫೋಟೋದಲ್ಲೂ ಅಪ್ಪ ನಗಲಿಲ್ಲ, ತುಟಿಗೆ ಹೊಲಿಗೆ ಹಾಕಿಕೊಂಡವರಂತೆ ನಿಂತಿದ್ದರು, ಅಳಿಯ ಇಷ್ಟವಾಗಲಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ನಿನ್ನ ವಾದ. ಈಗ ಕೇಳು.

ಹೋದ ತಿಂಗಳು ಅಂಗಡಿಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ, "ಹಲ್ಲು ಬಿಳಿ ಮಾಡ್ತಾರಂತಲ್ಲ, ನೋವಾಗುತ್ತೇನೋ?" ಎಂದರು. ತಣ್ಣೀರು ಕುಡಿದರೆ ಕಿವಿಯವರೆಗೆ ಜುಮ್ಮೆನ್ನುವ ಹಲ್ಲು ಅವರದು. ಐಸ್‌ಕ್ರೀಮು ಪೂರ್ತಿ ಕರಗಿದ ಮೇಲೆ ಲೋಟದಲ್ಲಿ ಕುಡಿಯುವ ಮನುಷ್ಯ.

ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಮೊದಲು ಎರಡು ವಾರ ಜುಮ್ಮೆನ್ನುವ ಹಲ್ಲಿಗೆಂದೇ ಇರುವ ಪೇಸ್ಟಿನಲ್ಲಿ ಉಜ್ಜಿಸಿದರು. ಆಮೇಲೆ, "ಕಡಿಮೆ ಪವರಿನ ಜೆಲ್ ಹಾಕ್ತೀನಿ, ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ತೆಗೀತೀನಿ, ಹೆದರ್ಬೇಡಿ" ಎಂದು, ತುಟಿ ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ಕನ್ನು ಬಾಯಿಗೆ ಸಿಕ್ಕಿಸಿ, ಬಣ್ಣ ಹೋಲಿಸಲು ಮಾದರಿ ಹಲ್ಲುಗಳ ಪಟ್ಟಿಯೊಂದನ್ನು ಹಿಡಿದರು. ಮೂವತ್ತು ವರ್ಷ ಬಟ್ಟೆ ಹೊಲಿದ ಟೈಲರು ಸುಮ್ಮನಿರುತ್ತಾರೆಯೇ? ಟ್ಯೂಬ್‌ಲೈಟಿನಲ್ಲಿ ದಾರದ ಬಣ್ಣ ನೋಡಿದವನು ಕೆಟ್ಟ ಎಂಬುದು ಅವರ ವೇದವಾಕ್ಯ. ಪಟ್ಟಿ ಕಿತ್ತುಕೊಂಡು, ಕನ್ನಡಿ ಹಿಡಿದು, ಬಾಯಲ್ಲಿ ಪ್ಲಾಸ್ಟಿಕ್ ಇದ್ದ ಹಾಗೇ ಹಗಲು ಬೆಳಕಿಗೆ, ಅಂದರೆ ಬೀದಿಗೆ, ನಡೆದೇಬಿಟ್ಟರು. ಎದುರಿಗೆ ಬ್ಯಾಂಕಿನ ಮೇಡಂ. ಅವರ ಕೋಟು ಮೂರು ವಾರದಿಂದ ನಮ್ಮ ಅಂಗಡಿಯಲ್ಲೇ ಇದೆ.

"ಏನ್ರೀ ಟೈಲರ್ರೇ, ನನ್ ಕೋಟು ಯಾವಾಗ?"

ಅಪ್ಪ ಅಷ್ಟೂ ಹಲ್ಲು ತೋರಿಸಿ, "ಆಆ" ಎಂದರು.

"ಮೂರು ವಾರ ಓಡಾಡ್ಸಿ, ಈಗ ಹಲ್ ಕಿರೀತೀರಾ?"

ಅಪ್ಪ ಕೈ ಮುಗಿದರು. ಹಲ್ಲು ಮುಚ್ಚಲಿಲ್ಲ.

"ಕೈ ಮುಗಿದು ನಗೋದು ಬೇರೆ," ಎಂದು ಮೇಡಂ ಹೊರಟೇಹೋದರು. ಡಾಕ್ಟರಮ್ಮ ಅಪ್ಪನ ತೋಳು ಹಿಡಿದು ಒಳಗೆ ಕರೆತಂದರು.

ಮೂರು ಸಲ ಹೋಗಿಬಂದೆವು. ಜುಮ್ಮೆಂದಾಗಲೆಲ್ಲ ಅಪ್ಪ ಹಿಡಿದುಕೊಂಡದ್ದು ಕುರ್ಚಿಯನ್ನಲ್ಲ, ನನ್ನ ಮಣಿಕಟ್ಟನ್ನು, ನೀಲಿಗಟ್ಟಿದೆ. ಈಗ ಹಲ್ಲಿಗೆ ಅಂಗಿ ಗುಂಡಿಯ ಮರ್ಯಾದಸ್ಥ ಬಿಳುಪು ಬಂದಿದೆ.

"ಈ ವಯಸ್ಸಲ್ಲಿ ಯಾಕಪ್ಪಾ ಇಷ್ಟು ಒದ್ದಾಟ?" ಎಂದು ಕೇಳಿದೆ.

"ಅವಳು ಬಂದ್ರೆ ಒಂದು ಫೋಟೋ ತೆಗೆಸ್ಬೇಕು," ಎಂದರು. ಸೂಜಿಗೆ ದಾರ ಪೋಣಿಸುತ್ತಾ, "ಬರ್ತಾಳೇನೋ?"

ಈ ಪ್ರಶ್ನೆ ನಿನ್ನದು. ನೀನೇ ಹೇಳು. ವಯಸ್ಸಿನಲ್ಲಿ ಚಿಕ್ಕವನಾದರೂ ನಿನಗೂ ಭಾವನಿಗೂ ದೀರ್ಘಾಯುಷ್ಯ, ಗಟ್ಟಿ ವಸಡು ಹಾರೈಸುತ್ತೇನೆ.

ಇತಿ, ವಂಶದ ಏಕೈಕ ಸಭ್ಯ,
ನಿನ್ನ ತಮ್ಮ

ತಾ.ಕ.: ಮದುವೆಯ ದಿನ ಬೆಳಿಗ್ಗೆ ಅಪ್ಪ ಕನ್ನಡಿಯ ಮುಂದೆ ನಗುವುದನ್ನು ಅಭ್ಯಾಸ ಮಾಡುತ್ತಿದ್ದರು. "ಅಪ್ಪಾ, ಫೋಟೋದಲ್ಲಿ ಬಾಯಿ ಮುಚ್ಕೊಂಡಿರಿ, ಈ ಹಳದಿ ಹಲ್ಲು ನೋಡಿ ಅಕ್ಕನಿಗೆ ಅವಮಾನ ಆಗುತ್ತೆ" ಎಂದವನು ನಾನು. ತಮಾಷೆಗೆ ಅಂದೆ ಕಣೇ. ಅವರು ನಂಬಿಬಿಟ್ಟರು.