ನೆರಳುಗಳ್ಳಿಯ ಒಂಬತ್ತನೇ ಪುಸ್ತಕ

ಗದಗ, ಇಸವಿ ಎರಡು ಸಾವಿರದ ನೂರಾ ತೊಂಬತ್ತೊಂದು,
ಎರಡನೇ ಚೈತ್ರದ ಮೂವತ್ತೇಳನೇ ದಿನ

ಪ್ರಭಂಜನ ಹೊಂಬಳ ಅವರಿಗೆ,

ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ; ದೊಡ್ಡವರಿಗೆ ಪತ್ರ ಬರೆದು ರೂಢಿಯಿಲ್ಲ. ಇದು ಹಿಂದೋಲೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರಕ್ಕೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಿಗುತ್ತದೆ, ಅದಕ್ಕೆ ಉತ್ತರ ಬರುವುದಿಲ್ಲ. ತೀರಿಕೊಂಡ ಅವ್ವನಿಗೆ ಬರೆಯಬೇಕೆಂದು ಇಟ್ಟುಕೊಂಡಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ತಂಗೆವ್ವ. ಕೆಲಸ ಜೋಪಾನಮನೆಯಲ್ಲಿ. ನಿಮ್ಮ ಕಾಲದ ಕಾಗದವನ್ನೆಲ್ಲ ತಂದು ಗಾಳಿ ತಾಕದಂತೆ ಇಡುವ ಮನೆ ಅದು. ಬೆಳಿಗ್ಗೆ ಕೈಗೆ ಸುಣ್ಣದ ಪುಡಿ ಬಳಿದುಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಪ್ಲಾಸ್ಟಿಕ್ ಲಕೋಟೆಗಳ ಧೂಳು ಒರೆಸುತ್ತೇನೆ. ಮೇಲ್ವಿಚಾರಕ ವಿಠಲಸಾ ಬಾಗಿಲಲ್ಲೇ ಕೂತು, “ತಂಗೆವ್ವಾ, ಉಸುರು ಸಣ್ಣಗ ಬಿಡ. ನಿನ್ನ ಉಳ್ಳಾಗಡ್ಡಿ ವಾಸನಿಗೇ ದೆವ್ವ ಎದ್ದು ಬಂದೀತು” ಎನ್ನುತ್ತಾನೆ. ದೆವ್ವ ಎಂದರೆ ನೆರಳುಗಳ್ಳಿ. ನಿಮ್ಮ ಊರಿನ ಇಬ್ಬರು ಗೆಳತಿಯರು ಬರೆದು, ಚಿತ್ರ ಬಿಡಿಸಿ, ತಾವೇ ಅಚ್ಚು ಹಾಕಿಸಿದ ಒಂಬತ್ತು ಚಿತ್ರಕಥೆ ಪುಸ್ತಕಗಳ ನಾಯಕಿ. ಸತ್ತು ಎದ್ದವಳು. ಸುಳ್ಳು ಹೇಳುವವರ ನೆರಳನ್ನು ಕತ್ತರಿಸಿ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಾಳೆ. ಹಸಿವಾದರೆ ಒಳ್ಳೆಯವರದನ್ನೂ ಬಿಡುವುದಿಲ್ಲ. ನಮ್ಮ ಹುಡುಗಿಯರಿಗೆ ಅವಳೆಂದರೆ ಪ್ರಾಣ. ತಪ್ಪು ಮಾಡಿಯೂ ಕನ್ನಡಿಯಲ್ಲಿ ತನ್ನನ್ನು ನೆಟ್ಟಗೆ ನೋಡಿಕೊಳ್ಳುವ ಹೆಂಗಸನ್ನು ನಾವು ಬೇರೆಲ್ಲೂ ಕಂಡಿಲ್ಲ.

ನಮ್ಮಲ್ಲಿ ಬಿಡಿಪುಸ್ತಕ ಇಟ್ಟುಕೊಳ್ಳುವಂತಿಲ್ಲ. ಲಕೋಟೆಯಿಲ್ಲದೆ ಕೈಯಿಂದ ಕೈಗೆ ಓಡಾಡುವ ಪುಸ್ತಕಕ್ಕೆ ಆ ಹೆಸರು. ನನ್ನ ತಂಗಿ ಚಂಬವ್ವ ಮೊದಲ ಎಂಟು ಪುಸ್ತಕಗಳನ್ನು ಜೋಳ ತುಂಬುವ ಹಗೇವಿನಲ್ಲಿ ಬಚ್ಚಿಟ್ಟಿದ್ದಳು. ಎಣ್ಣೆ ಜಿಡ್ಡಿನ ಆ ಹಾಳೆಗಳನ್ನು ನಾವಿಬ್ಬರೂ ಅದೆಷ್ಟು ಸಲ ಓದಿದೆವೋ. ಜೋಪಾನಮನೆಯವರು ಬಂದು ನನ್ನ ಮುಖವನ್ನೇ ನೋಡುತ್ತ ನಿಂತಾಗ ನಾನು ಹಗೇವಿನ ಕಡೆ ಬೆರಳು ತೋರಿಸಿದೆ. ಯಾರೂ ಹೊಡೆದಿರಲಿಲ್ಲ. ಹೆದರಿಕೆಯಾಯಿತು, ತೋರಿಸಿದೆ. ಅವಳನ್ನು ಕಡಲಂಚಿನ ಉಪ್ಪಿನಾಗರಕ್ಕೆ ದುಡಿಯಲು ಕಳಿಸಿದರು.

ಎಂಟನೆಯ ಪುಸ್ತಕದ ಕೊನೆಯಲ್ಲಿ ನೆರಳುಗಳ್ಳಿ ತನ್ನ ಸ್ವಂತ ತಂಗಿಯ ನೆರಳನ್ನೇ ಕತ್ತರಿಸುತ್ತಾಳೆ. ನಾನು ತಿಂಗಳಿಗೊಮ್ಮೆ ಉಪ್ಪಿನಾಗರಕ್ಕೆ ಹೋಗುತ್ತೇನೆ. ಚಂಬವ್ವ ಬೇಲಿಯಾಚೆ ನಿಂತು ಬೆನ್ನು ತಿರುಗಿಸುತ್ತಾಳೆ. ಒಮ್ಮೆ ಮಾತ್ರ, “ಒಂಬತ್ತನೇದ್ರಾಗ ಆಕಿ ತಂಗೀಗೆ ಏನ್ ಮಾಡಿದ್ಲು, ಓದಿ ಬಂದ್ ಹೇಳ. ಅಲ್ಲೀಮಟಾ ನಿನಗ ಅಕ್ಕಾ ಅನ್ನಂಗಿಲ್ಲ” ಎಂದಳು. ಅವಳ ತುಟಿಗಳು ಉಪ್ಪಿಗೆ ಬಿರಿದಿದ್ದವು.

ಒಂಬತ್ತನೆಯದರ ಹನ್ನೊಂದು ಪ್ರತಿಗಳು ಉಳಿದಿವೆ, ಎಲ್ಲವೂ ಲಕೋಟೆಯಲ್ಲಿ. ನಿಮ್ಮ ಕಾಲದ ಸಂಗ್ರಾಹಕರು ಎರಡೆರಡು ಕೊಳ್ಳುತ್ತಿದ್ದರಂತೆ, ಓದುವುದಕ್ಕೊಂದು, ಇಡುವುದಕ್ಕೊಂದು. ಒಂಬತ್ತನೆಯದು ಅಚ್ಚಾದದ್ದೇ ಕಡಿಮೆ. ಸಿಕ್ಕ ಒಂದನ್ನು ಎಲ್ಲರೂ ಇಟ್ಟುಬಿಟ್ಟರು. ಹೋದ ವಾರ ನಾನು ಒಂದನ್ನು ಕದ್ದು ತೆರೆದೆ. ಪ್ಲಾಸ್ಟಿಕ್ಕು ಬೆವರಿ, ಮಸಿ ಕರಗಿ, ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಉಗುರು ಹಾಕಿದೆ, ಹಬೆ ಹಿಡಿದೆ. ಒಂದು ಪುಟವೂ ಏಳಲಿಲ್ಲ. ಉಳಿದ ಹತ್ತರ ಅಂಚನ್ನೂ ಒತ್ತಿ ನೋಡಿದೆ. ಅವೂ ಹಾಗೆಯೇ. ಜೋಪಾನಮನೆಗೆ ಜನ ಸಾಲುಗಟ್ಟಿ ಬಂದು ಕೈಮುಗಿಯುತ್ತಿರುವುದು ಈ ಹಲಗೆಗಳಿಗೆ. ಇದು ನನಗೊಬ್ಬಳಿಗೇ ಗೊತ್ತು. ಹೇಳಿದರೆ ನನ್ನನ್ನೂ ಉಪ್ಪಿನಾಗರಕ್ಕೆ ಕಳಿಸುತ್ತಾರೆ. ಕಳಿಸಲಿ, ಆದರೆ ಬರಿಗೈಯಲ್ಲಿ ಅವಳ ಮುಂದೆ ಹೇಗೆ ನಿಲ್ಲಲಿ?

ನಾನು ತೆರೆದ ಪ್ರತಿಯ ಮೇಲೆ ನಿಮ್ಮ ಚೀಟಿಯಿತ್ತು: ‘ಪ್ರಭಂಜನ ಹೊಂಬಳ. ಒಮ್ಮೆಯೂ ತೆರೆದಿಲ್ಲ.’ ಅಕ್ಷರ ದುಂಡಗಿವೆ. ಹೆಮ್ಮೆಯಿಂದ ಬರೆದಿದ್ದೀರಿ.

ದಯವಿಟ್ಟು ಇವತ್ತೇ ತೆರೆಯಿರಿ. ಮೂಲೆ ಮುದುಡಿದರೆ ಮುದುಡಲಿ. ಗಟ್ಟಿಯಾಗಿ ಓದಿ. ಮನೆಯ ಮಕ್ಕಳಿಗೆ ಕಥೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳುವಂತೆ ಮಾಡಿ. ನಿಮ್ಮ ಕಾಗದ ನಮ್ಮವರೆಗೆ ನೆಟ್ಟಗೆ ಬರಲಿಲ್ಲ. ಒಗಟು, ಬೈಗುಳ, ಜೋಗುಳ ಬಾಯಿಂದ ಬಾಯಿಗೆ ಬಂದಿವೆ. ಇದೂ ಬಂದೀತು. ನಿಮ್ಮ ವಂಶದವರ ಎರಡು ಮನೆ ಇನ್ನೂ ಈ ಊರಲ್ಲಿವೆ. ನಾಚಿಕೆ ಬಿಟ್ಟು ಅವರ ಬಾಗಿಲು ತಟ್ಟುತ್ತೇನೆ.

ನೆರಳುಗಳ್ಳಿ ತಂಗಿಯ ನೆರಳನ್ನು ಹಿಂದಿರುಗಿಸದೇ ಇದ್ದರೆ, ನನ್ನ ಮೇಲಿನ ಕನಿಕರಕ್ಕೆ ಕಥೆ ತಿದ್ದಬೇಡಿ. ಇದ್ದ ಹಾಗೆಯೇ ಕಳಿಸಿ. ಚಂಬವ್ವನಿಗೆ ಇನ್ನೊಂದು ಸಲ ನಾನು ಮೋಸ ಮಾಡಲಾರೆ.

ತಂಗೆವ್ವ