ರೇಡಿಯೇಟರ್ ಮುಂದಿನ ಬೋರ್ಡು

ಅಪ್ಪ,

ನೀವು ಹೋದರೂ, ನೀರಿನಿಂದ ಎಂಜಿನ್ ತಣಿಸುವ ನಿಮ್ಮ ಹಳೇ ಟೂ-ಸ್ಟ್ರೋಕ್ ಬೈಕು ಸತ್ತಿಲ್ಲ. ಎಂಜಿನ್ ಕಾದು ನಿಲ್ಲುತ್ತಿತ್ತು. "ಪಿಸ್ಟನ್ ಹೋಗಿದೆ, ಗುಜರಿಗೆ ಹಾಕಮ್ಮ" ಅಂದ ಮೆಕ್ಯಾನಿಕ್. ದುಡಿದು ದಣಿದದ್ದಕ್ಕೆಲ್ಲ ಇವರ ತೀರ್ಪು ಅದೊಂದೇ.

ಇವತ್ತು ನಾನೇ ರಿಪೇರಿಗೆ ಕೂತೆ. ಪಂಪು ಸರಿಯಿತ್ತು, ನೀರೂ ಸರಿಯಿತ್ತು. ತಪ್ಪು ಕಣ್ಣೆದುರೇ ಇತ್ತು: ರೇಡಿಯೇಟರಿಗೆ ಅಡ್ಡಲಾಗಿ ನೀವು ಬಿಗಿದ ಕಾರ್ಮಿಕ ಸಂಘದ ತಗಡಿನ ಬೋರ್ಡು. ಗಾಳಿಯೇ ಆಡದಿದ್ದರೆ ನೀರು ತಣಿಯುವುದು ಹೇಗೆ?

ಬಿಚ್ಚುವಾಗ ಅಮ್ಮ ಗದರಿದಳು: "ಅದನ್ನ ಮುಟ್ಟಿದ್ರೆ ನಿಮ್ಮಪ್ಪ ಊಟ ಬಿಡ್ತಿದ್ರು ಕಣೇ."

"ಗಾಡಿಗೂ ಉಸಿರಾಡೋ ಹಕ್ಕಿದೆಯಮ್ಮ" ಅಂದೆ. ನಕ್ಕುಬಿಟ್ಟಳು.

ದಿಬ್ಬ ಹತ್ತಿಸಿದೆ. ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟಲಿಲ್ಲ.

ಮೆರವಣಿಗೆಗಳಲ್ಲಿ ಕಾದು ನಿಂತ ಇದನ್ನು ನೀವು ಬಿಸಿಲಲ್ಲಿ ತಳ್ಳಿಕೊಂಡೇ ನಡೆದಿರಿ. ಬೋರ್ಡು ತೆಗೆಯಿರಿ ಎನ್ನುವ ಧೈರ್ಯ ನಮಗ್ಯಾರಿಗಿತ್ತು?

ಎಸೆದಿಲ್ಲ ಅಪ್ಪ. ಸೀಟಿನ ಹಿಂದೆ ಬಿಗಿದಿದ್ದೇನೆ. ಹಿಂದೆ ಬರುವವರು ಓದಲಿ.