ಎರಡು ಪವರ್ ಸಪ್ಲೈ, ಒಂದೇ ಬೋರ್ಡ್

ಹರಪನಹಳ್ಳಿ

ಅಪ್ಪಾಜಿಗೆ ದುರುಗೇಶನ ನಮಸ್ಕಾರಗಳು.

ಫೋನಿನಲ್ಲಿ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀರಿ. ಕಾಗದಕ್ಕೆ ಆ ಭಯವಿಲ್ಲ, ಹರಿದರೂ ಓದಿಯೇ ಹರಿಯುತ್ತೀರಿ.

ನಮ್ಮ ಆಫೀಸಿನಲ್ಲಿ ಊರೂರಿಗೆ ಇಂಟರ್‌ನೆಟ್ ಹಂಚುವ ಸ್ವಿಚ್ ಎಂಬ ಪೆಟ್ಟಿಗೆಯಿದೆ. ಅದಕ್ಕೆ ಎರಡು ಪವರ್ ಸಪ್ಲೈ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಪೆಟ್ಟಿಗೆಯನ್ನು ಆರಿಸದೆಯೇ ಸತ್ತದ್ದನ್ನು ಕಿತ್ತು ಹೊಸದನ್ನು ಕೂರಿಸಬಹುದು. ಅಣ್ಣ ತೀರಿಕೊಂಡ ತಿಂಗಳೊಳಗೆ ನೀವು ಅತ್ತಿಗೆಗೆ ನನ್ನಿಂದ ಉಡಿಕೆ ಸೀರೆ ಉಡಿಸಿ ನನ್ನ ಹೆಂಡತಿಯನ್ನಾಗಿ ಮಾಡಲು ಹೊರಟಿರಿ. "ಒಬ್ಬ ಹೋದ್ರ ಇನ್ನೊಬ್ಬ ಅದಾನ, ಮನಿ ನಿಲ್ಲಬಾರದು" ಅಂದಿರಿ. ಪೆಟ್ಟಿಗೆ ಮಾರಿದವನೂ ಇಷ್ಟು ಚೆನ್ನಾಗಿ ವಿವರಿಸಿರಲಿಲ್ಲ.

ಆದರೆ ಮೊನ್ನೆ ಸುಟ್ಟದ್ದು ಒಳಗಿನ ಬೋರ್ಡ್. ಎರಡೂ ಪವರ್ ಸಪ್ಲೈ ಬಂದು ಸೇರುವ ಜಾಗ ಅದೊಂದೇ. ಎರಡರ ಹಸಿರು ದೀಪವೂ ಉರಿಯುತ್ತಿತ್ತು, ಚಿಗಟೇರಿಯವರೆಗೆ ಎಲ್ಲೂ ನೆಟ್ ಇರಲಿಲ್ಲ. ಬೋರ್ಡಿಗೆ ಮಾತ್ರ ಜೋಡಿ ಕೊಟ್ಟಿಲ್ಲ ಅಪ್ಪಾಜಿ. ನಮ್ಮ ಮನೆಯಲ್ಲಿ ಸುಟ್ಟದ್ದೂ ಅದೇ ಜಾಗ, ಅತ್ತಿಗೆಯ ಮನಸ್ಸು.

ಅತ್ತಿಗೆ ನಿನ್ನೆ ಫೋನ್ ಮಾಡಿದ್ದರು. "ದುರುಗೇಶಾ, ನೀ ಸಣ್ಣಾವ ಇದ್ದಾಗ ತಲಿ ಬಾಚೀನಿ. ನಿಮ್ಮಪ್ಪಗ ನೀನರ ಹೇಳಪ್ಪಾ" ಎಂದರು. ಅಳಲಿಲ್ಲ.

ಸೋಮವಾರದ ಉಡಿಕೆ ನಿಲ್ಲಿಸಿ, ಅವರನ್ನು ತವರಿಗೆ ಕಳಿಸಿ. ಹೊಲಿಗೆ ಮಿಷಿನ್ ಅವರದು, ಜೊತೆಗೆ ಹೋಗಲಿ.

ನೀವು ಕಳಿಸಿದ ಅಣ್ಣನ ಅಂಗಿ ತಲುಪಿತು. ತೊಟ್ಟು ನೋಡಿದೆ. ಅಳತೆ ಸರಿಯಾಗಿದೆ. ಅದಕ್ಕೇ ವಾಪಸ್ ಕಳಿಸುತ್ತಿದ್ದೇನೆ.

ಇನ್ನೂ ನಿಮ್ಮ ಎರಡನೆಯ ಮಗನೇ ಆಗಿರುವ,
ದುರುಗೇಶ